ಗೇರು ಬದಲಿಸಲು ಒಂದು ಮುಳ್ಳು

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದ.

ಭಾವನವರ ಮಂಡಿನೋವು ಹೇಗಿದೆ? ಪುಟ್ಟಿಯ ಕೆಮ್ಮು ನಿಂತಿತೇ? ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ರುಚಿಯ ವಿಚಾರ ಕೇಳಬೇಡ.

ಕಿವಿ ಕೇಳದವನಿಗೆ ಕಾರು ಯಾಕೆ, ಮಾರಿಬಿಡು ಎಂದು ಬರೆದಿದ್ದೀಯ. ನಿಜ, ಎಂಜಿನ್ ಸದ್ದು ನನಗೆ ಕೇಳಿಸದು. ಇಷ್ಟು ವರ್ಷ ನಿನ್ನ ಅತ್ತಿಗೆಯೇ ಪಕ್ಕದಲ್ಲಿ ಕೂತು, ನನ್ನ ಮೊಣಕಾಲು ತಟ್ಟಿ, ಕಿವಿಯ ಹತ್ತಿರ ಕೂಗಿ, "ಅಯ್ಯೋ, ಅರಚ್ಕೊಳ್ತಾ ಇದೆ, ಗೇರ್ ಬದಲಾಯಿಸ್ರೀ!" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಒಂದು ದಿನ ಪೇಟೆಯವರೆಗೂ ಎರಡನೇ ಗೇರಿನಲ್ಲೇ ಹೋಗಿದ್ದೆ.

ಅದಕ್ಕೇ ಎಂಜಿನ್ ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ತಂದು ನಾನೇ ಕೂರಿಸಿದೆ. ಮೊದಲು ಮುಳ್ಳು ತಪ್ಪು ತೋರಿಸಿತು. ಮೆಕ್ಯಾನಿಕ್ ನಕ್ಕು, ನನ್ನ ಕಿವಿಯ ಹತ್ತಿರ ಕೂಗಿ ಹೇಳಿದ: "ಯಜಮಾನ್ರೇ, ನಿಮ್ ಗಾಡೀಲಿ ಇರೋದು ಮೂರೇ ಸಿಲಿಂಡರ್. ಮೀಟರು ಇನ್ನೂ ನಾಲ್ಕಿದೆ ಅಂದ್ಕೊಂಡಿದೆ." ಮೀಟರಿನ ಹಿಂಬದಿಯ ಗುಂಡಿ ತಿರುಗಿಸಿ ಸರಿಮಾಡಿದ. ಈಗ ಗೇರ್ ಯಾವಾಗ ಬದಲಿಸಬೇಕೆಂದು ಮುಳ್ಳು ಸರಿಯಾಗಿ ಹೇಳುತ್ತದೆ, ಬೈಯುವುದಿಲ್ಲ, ಅಷ್ಟೇ.

ಆದ್ದರಿಂದ ಕೊಳ್ಳುವವರನ್ನು ಕಳಿಸಬೇಡ, ನೀನೇ ಬಾ. ಪಕ್ಕದ ಸೀಟಿನಲ್ಲಿ ಇನ್ನೂ ಯಾರೂ ಕೂತಿಲ್ಲ. ನೀನು ಕೂತು, ಮುಳ್ಳಿಗೂ ಸದ್ದಿಗೂ ತಾಳೆಯಾಗುತ್ತದೆಯೇ ಕೇಳಿ ನೋಡು. ಆಮೇಲೂ ಮಾರು ಎಂದರೆ ಮಾರುತ್ತೇನೆ. ಯಾವತ್ತು ಬರುತ್ತೀ ಎಂದು ಬೇಗ ಎರಡು ಗೆರೆ ಬರೆ.

ಇಂತು,
ನಿನ್ನ ಅಣ್ಣ