ಕೊನೆಯ ಬೆಂಚಿನ ಕಡೆಗೆ ತಿರುಗುವ ಪ್ರಾರ್ಥನೆ

ಮಾನ್ಯ ಬಿಷಪ್ ಅವರೇ,

ನಮ್ಮ ದೇವಾಲಯದ ಉಳಿದ ಬೆಂಚುಗಳನ್ನಾದರೂ ತೆಗೆಸಬೇಡಿ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಟ್ಟಿದ್ದೇನೆ. ಇದನ್ನೇ ಕಮಿಟಿಗೆ ಬರೆದೆ, ಉತ್ತರವಿಲ್ಲ. ನಿಮ್ಮ ಕಚೇರಿಗೆ ಬರೆದೆ, ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಪರಿಶೀಲನೆ ಮುಗಿಯುವುದರೊಳಗೆ ಬೆಂಚುಗಳು ಸೌದೆಯಾಗಿಬಿಡುತ್ತವೆಂಬ ಭಯದಿಂದ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಕ್ಷಮಿಸಿ. ಕ್ಷಮೆ ಹೇಗೂ ತಮ್ಮ ಇಲಾಖೆಗೇ ಸೇರಿದ್ದಲ್ಲವೇ?

ತಮ್ಮ ಸುತ್ತೋಲೆಯನ್ನು ನಮ್ಮ ಕಾರ್ಯದರ್ಶಿಗಳು ಆರಾಧನೆಯ ಕೊನೆಗೆ ಓದಿದರು. ಮೆತ್ತನೆಯ ಕುರ್ಚಿಗಳು ಬರುತ್ತವಂತೆ. ಅವನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸುತ್ತಾರಂತೆ. ಇನ್ನು ಮುಂದೆ ಪಾಪದ ಅರಿಕೆಯನ್ನು ಮೊಣಕಾಲೂರದೆ, ಕೂತಲ್ಲಿಂದಲೇ, ಎದುರಿನ ಪರದೆಯ ಮೇಲಿನ ಅಕ್ಷರ ಓದಿಕೊಂಡು ಹೇಳಿದರೆ ಸಾಕಂತೆ. ಕಾರಣ, ಹಿರಿಯರ ಮಂಡಿನೋವು ಮತ್ತು ಸಮಯದ ಉಳಿತಾಯ. ಸಭಿಕರ ಮಂಡಿಗಳ ಮೇಲೆ ತಮಗಿರುವ ಕಾಳಜಿ ದೊಡ್ಡದು. ಪಾಪ ಮಾಡುವಾಗ ಯಾರ ಮಂಡಿಯೂ ನೋಯುವುದಿಲ್ಲ, ಒಪ್ಪಿಕೊಳ್ಳುವಾಗ ಮಾತ್ರ ನೋಯುತ್ತದೆ. ಅದಕ್ಕೆ ಮೆತ್ತನೆಯ ಕುರ್ಚಿಯೇ ಮದ್ದೆಂದು ತಾವು ಕಂಡುಹಿಡಿದಿದ್ದೀರಿ. ಉಳಿಸಿದ ಸಮಯವನ್ನು ಏನು ಮಾಡಬೇಕೆಂಬುದನ್ನೂ ತಿಳಿಸಿದ್ದರೆ ಚೆನ್ನಾಗಿತ್ತು.

ನಮ್ಮ ಪದ್ಧತಿ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ, ಏಕೆಂದರೆ ಆ ಹೊತ್ತಿಗೆ ತಾವು ಪೀಠದ ಬಳಿ ಕಣ್ಣು ಮುಚ್ಚಿಕೊಂಡಿರುತ್ತೀರಿ. ಅರಿಕೆಯ ಪ್ರಾರ್ಥನೆ ಬಂತೆಂದರೆ ನಮ್ಮಲ್ಲಿ ಎಲ್ಲರೂ ಎದ್ದು, ಹಿಂದಕ್ಕೆ ತಿರುಗಿ, ಇಷ್ಟು ಹೊತ್ತು ಕೂತಿದ್ದ, ಬೆನ್ನಾಸರೆಯಿಲ್ಲದ ಹಲಗೆಯ ಮೇಲೆ ಮೊಣಕೈ ಊರಿ ಮೊಣಕಾಲ ಮೇಲೆ ಇಳಿಯುತ್ತಾರೆ. ಮೊಣಕೈಗೆ ಆಸರೆ ಸಿಗಲೆಂದು ಹಿಂದಿನವರು ಮಾಡಿಕೊಂಡ ಏರ್ಪಾಡಿರಬೇಕು. ಇಡೀ ಸಭೆಯ ಬೆನ್ನು ಪೀಠಕ್ಕೆ, ಮುಖ ಬಾಗಿಲಿಗೆ. ಹೊಸಬರು ಮೊದಲ ಸಲ ನೋಡಿದಾಗ ಬೆಂಕಿಗಿಂಕಿ ಬಿತ್ತೇನೋ ಎಂದು ಗಾಬರಿಯಾಗಿ ತಾವೂ ಬಾಗಿಲ ಕಡೆ ನೋಡುತ್ತಾರೆ. ಆ ಬಾಗಿಲ ಪಕ್ಕದಲ್ಲಿ, ಕೊಡೆಗಳ ಬುಟ್ಟಿಯ ಮುಂದೆ, ಕೊನೆಯ ಬೆಂಚಿದೆ. ಅದರಲ್ಲಿ ನಾನೊಬ್ಬಳೇ ಇರುತ್ತೇನೆ. ನಾನು ತಿರುಗಿದರೆ ಎದುರಿಗೆ ಗೋಡೆ ಮತ್ತು ಒದ್ದೆ ಕೊಡೆಗಳು, ಹಾಗಾಗಿ ನಾನು ಮಾತ್ರ ಇದ್ದ ಹಾಗೆಯೇ ಮೊಣಕಾಲೂರುತ್ತೇನೆ. ಅಲ್ಲಿಯವರೆಗೆ ಬೆನ್ನುಗಳನ್ನೇ ಕಂಡವಳಿಗೆ ಆಗ ಮುಖಗಳು ಕಾಣುತ್ತವೆ.

ನಾನು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡುವವಳು. ಮೇಣ, ಅಚ್ಚಿನ ಪ್ಲಾಸ್ಟರು, ಸಣ್ಣ ಅರ ಇವೇ ನನ್ನ ಸಂಗಾತಿಗಳು. ನಮ್ಮ ಸಭೆಯ ಹಿರಿಯರಲ್ಲಿ ಅರ್ಧದಷ್ಟು ಜನ ನಾನು ಮಾಡಿದ ಹಲ್ಲಿನಲ್ಲೇ ಊಟ ಮಾಡುತ್ತಾರೆ, ಕೀರ್ತನೆ ಹಾಡುತ್ತಾರೆ. ನನ್ನ ಜೊತೆ ಮಾತಾಡಲು ಮಾತ್ರ ಆ ಹಲ್ಲುಗಳು ಬಿಡುವುದಿಲ್ಲ. ಕೆಲಸದಲ್ಲಿ ಎಲ್ಲಿ ತಪ್ಪಿದೆನೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಕೋಪ ಬರುತ್ತದೆ, ನಿಜ ಹೇಳುತ್ತೇನೆ; ಬಹಳ ಕೋಪ ಬರುತ್ತದೆ. ಆಮೇಲೆ ಕೋಪ ಇಳಿದು ಬರೀ ಒಂಟಿತನ ಉಳಿಯುತ್ತದೆ.

ಏನಾಯಿತೆಂದು ಹೇಳಬೇಕು. ನನ್ನ ಯಜಮಾನರು ಬೇಕರಿಯ ವ್ಯಾನು ಓಡಿಸುತ್ತಿದ್ದರು. ಕುಡಿತ ಇತ್ತು. ಅದು ಗುಟ್ಟೇನಲ್ಲ, ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. ಹೋದ ವರ್ಷ ಕಾರ್ಯದರ್ಶಿಗಳ ಮಗನ ಮದುವೆಯ ಊಟ ದೇವಾಲಯದ ಪಕ್ಕದ ಹಾಲ್‌ನಲ್ಲಾಯಿತು. ಊಟ ಮುಗಿಸಿ, ಇಳಿಬಿಸಿಲಿನಲ್ಲಿ, ತೂರಾಡಿಕೊಂಡು, ಕೈಯಲ್ಲಿ ಕೀ ತಿರುಗಿಸುತ್ತಾ ಅವರು ಹೊರಗೆ ಬಂದರು. ಮೆಟ್ಟಿಲ ಮೇಲೆ ನಾವೆಲ್ಲ ನಿಂತಿದ್ದೆವು. ಯಾರೋ, “ಏನ್ರೀ, ವ್ಯಾನ್ ನಿಮ್ಮನ್ನ ಓಡ್ಸುತ್ತೋ, ನೀವು ವ್ಯಾನನ್ನ ಓಡಿಸ್ತೀರೋ?” ಅಂದರು. ಎಲ್ಲರೂ ನಕ್ಕೆವು. “ಅವರಿಗೆ ರಸ್ತೆ ಬಾಯಿಪಾಠ ಬಿಡ್ರಿ,” ಅಂದರು ಇನ್ಯಾರೋ. ನಾನು, “ಹುಷಾರಾಗಿ ಹೋಗಿ,” ಎಂದು ಹೇಳಿ ಮತ್ತೆ ಹೆಂಗಸರ ಜೊತೆ ಮಾತಿಗೆ ನಿಂತೆ. ಕಾರ್ಯದರ್ಶಿಗಳೇ ಗೇಟು ತೆಗೆದು, ವ್ಯಾನಿನ ಬದಿಗೆ ತಟ್ಟುತ್ತಾ, “ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಸಾಕ್ ಸಾಕ್,” ಎಂದು ಹಿಂದಕ್ಕೆ ಬಿಡಿಸಿ ರಸ್ತೆಗೆ ಕಳಿಸಿಕೊಟ್ಟರು.

ಎರಡು ಬೀದಿ ಆಚೆ, ಸಂಜೆಯ ಗಂಟೆ ಹೊಡೆಯಲು ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಗಂಟೆಯಣ್ಣ ಆ ವ್ಯಾನಿಗೆ ಸಿಕ್ಕಿ ತೀರಿಕೊಂಡರು.

ನನ್ನ ಯಜಮಾನರು ಜೈಲಿನಲ್ಲಿದ್ದಾರೆ. ಅದು ನ್ಯಾಯ. ನೋಡಲು ಹೋದಾಗಲೆಲ್ಲ, “ಕುಡಿದಿದ್ದು ನಾನು, ಓಡ್ಸಿದ್ದು ನಾನು. ನೀನು ಯಾರ ಮೇಲೂ ಹೊರಿಸ್ಬೇಡ,” ಅನ್ನುತ್ತಾರೆ. ಅವರು ತಮ್ಮ ಪಾಲಿನದನ್ನು ಪೂರ್ತಿ ಒಪ್ಪಿಕೊಂಡರು. ಅವರಷ್ಟು ಚೊಕ್ಕವಾಗಿ ತಿರುಗಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ನಮ್ಮದೇ ಬಾಕಿ ಇದೆ.

ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದವರು ಯಾರೆಂದು ಕೇಳುತ್ತೀರಾ? ಯಾರೂ ಇಲ್ಲ. ಸಭೆ ಸೇರಿ ಶಿಕ್ಷೆ ಕೊಟ್ಟಿಲ್ಲ, ಕಮಿಟಿ ಠರಾವು ಮಾಡಿಲ್ಲ, ಒಬ್ಬರೂ ಒಂದು ಕೆಟ್ಟ ಮಾತಾಡಿಲ್ಲ. ನಾನು ಕೂತ ಬೆಂಚಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರು, ಅಷ್ಟೇ. ಮುಂದಿನ ವಾರ ಅವರಿಗೆ ಫ್ಯಾನಿನ ಗಾಳಿ ಆಗಲಿಲ್ಲ, ಎದ್ದು ಬೇರೆ ಕಡೆ ಹೋದರು. ಒಬ್ಬಳೇ ಕೂತರೆ ಎದ್ದು ಕಾಣುತ್ತದೆಂದು ನಾನು ಹಿಂದಿನ ಬೆಂಚಿಗೆ ಹೋದೆ. ಅಲ್ಲಿಯೂ ಫ್ಯಾನಿನ ಗಾಳಿ ಯಾರಿಗೂ ಆಗಿಬರಲಿಲ್ಲ. ಹೀಗೆ ಸರಿಯುತ್ತಾ ಸರಿಯುತ್ತಾ ಕೊಡೆಗಳ ಬುಟ್ಟಿಯವರೆಗೆ ಬಂದೆ. ಇನ್ನೂ ಹಿಂದಕ್ಕೆ ಹೋದರೆ ರಸ್ತೆ. ಶಿಕ್ಷೆ ಯಾರೂ ಕೊಡದೇ ಇದ್ದುದರಿಂದ ಅದು ಮುಗಿಯಿತೆಂದು ಹೇಳುವ ಅಧಿಕಾರವೂ ಯಾರಿಗೂ ಇಲ್ಲ.

ಹೋದ ಸಲ ಬಂದಾಗ ತಾವು ಪಶ್ಚಾತ್ತಾಪದ ಬಗ್ಗೆ ಬೋಧಿಸಿದಿರಿ. ಒಬ್ಬೊಬ್ಬರೂ ತಂತಮ್ಮ ಹೃದಯದ ಕೋಣೆಯಲ್ಲಿ ಕದ ಹಾಕಿಕೊಂಡು ದೇವರ ಕಡೆಗೆ ತಿರುಗಬೇಕೆಂದಿರಿ. ಬೋಧನೆ ಚೆನ್ನಾಗಿತ್ತು. ಆದರೆ ನಮ್ಮ ಈ ತಪ್ಪನ್ನು ಯಾರ ಕೋಣೆಯಲ್ಲಿ ಹುಡುಕುವುದು? ಒಬ್ಬರು ನಕ್ಕರು, ಒಬ್ಬರು ಗೇಟು ತೆಗೆದರು, ಒಬ್ಬಳು ಹುಷಾರು ಅಂದಳು, ಆಮೇಲೆ ಇನ್ನೊಬ್ಬರು ಸ್ವಲ್ಪ ಸರಿದು ಕೂತರು. ಕದ ಹಾಕಿಕೊಂಡು ಹುಡುಕಿದರೆ ಪ್ರತಿಯೊಬ್ಬರಿಗೂ ಒಂದೊಂದು ಚೂರು ಸಿಗುತ್ತದೆ. ‘ಅಯ್ಯೋ, ಇಷ್ಟೇ ತಾನೇ’ ಎಂದು ಒರೆಸಿ ಎತ್ತಿಡುತ್ತಾರೆ. ಎಲ್ಲ ಚೂರುಗಳನ್ನೂ ಒಂದೆಡೆ ಸೇರಿಸಿದರೆ ಮಾತ್ರ ಅದರಲ್ಲೊಂದು ಸೈಕಲ್ಲು ಕಾಣುತ್ತದೆ. ಒಟ್ಟಿಗೆ ಮಾಡಿದ್ದನ್ನು ಒಟ್ಟಿಗೇ ತಿರುಗಿ ಒಪ್ಪಿಕೊಳ್ಳಬೇಕಲ್ಲವೇ? ‘ಕರ್ತನೇ, ಕಂಡೂ ಕಾಣದಂತೆ ನಡೆದೆವು, ನಮ್ಮನ್ನು ತಿರುಗಿಸು’ ಎಂದು ನಾವು ಪ್ರತಿ ವಾರ ಹೇಳುವುದು ಬಾಯಿ ಆಡಿಸಲಿಕ್ಕೇನು?

ಈಗ ಗಂಟೆಯಣ್ಣನ ಹೆಂಡತಿಯ ವಿಷಯ. ನಾವು ಅಕ್ಕ ಅನ್ನುತ್ತೇವೆ. ಮೂರನೆಯ ಬೆಂಚಿನ ಅಂಚಿನಲ್ಲಿ ಕೂರುತ್ತಾರೆ. ಅವರ ಮನೆಗೆ ಹೋಗಲು ನನಗೆ ಮುಖವಿಲ್ಲ. ಅವರ ಬೀದಿಯ ತಿರುವಿನವರೆಗೆ ಹೋಗಿ ಎಷ್ಟೋ ಸಲ ವಾಪಸು ಬಂದಿದ್ದೇನೆ. ಆದರೆ ಒಂದು ಭಾನುವಾರ ಎಲ್ಲರೂ ತಿರುಗಿ ಮೊಣಕಾಲೂರಿ ಕಣ್ಣು ಮುಚ್ಚಿದಾಗ, ಅಷ್ಟೂ ಮುಖಗಳ ನಡುವೆ ಒಂದು ಮುಖದ ಕಣ್ಣು ತೆರೆದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೈಯುವ ನೋಟವಲ್ಲ, ಕ್ಷಮಿಸಿದ ನೋಟವೂ ಅಲ್ಲ. ಸುಮ್ಮನೆ ನೋಡುತ್ತಾ ಪ್ರಾರ್ಥನೆ ಹೇಳುತ್ತಿದ್ದರು. ನಾನೂ ಕಣ್ಣು ಕೆಳಗಿಳಿಸದೆ ಹೇಳಿದೆ. ಅಂದಿನಿಂದ ಪ್ರತಿ ವಾರ ಹೀಗೇ. ಆಮೇಲೆ ಅವರು ಎದ್ದು ಪೀಠದ ಕಡೆ ತಿರುಗುತ್ತಾರೆ, ಮತ್ತೆ ಬೆನ್ನು. ಅಷ್ಟರ ಮೇಲೆ ನಾನು ಒಂದು ವಾರ ಬದುಕುತ್ತೇನೆ.

ಮಂಡಿನೋವೆಂದಿರಲ್ಲ, ನಮ್ಮ ಸಭೆಯಲ್ಲಿ ಅಕ್ಕನಷ್ಟು ಮಂಡಿನೋವು ಯಾರಿಗೂ ಇಲ್ಲ. ಸಭಾಪಾಲಕರು ಒಮ್ಮೆ, “ಅಮ್ಮಾ, ನೀವು ಕೂತ್ಕೊಂಡೇ ಹೇಳಿ, ದೇವರು ಕೇಳಿಸ್ಕೊಳ್ತಾನೆ,” ಅಂದರು. “ದೇವರಿಗೆ ಕೇಳ್ಸುತ್ತೆ ಅಯ್ಯನವರೇ, ನನಗೆ ತಿರುಗ್ಬೇಕು,” ಅಂದರು ಅಕ್ಕ. ಆ ಮಂಡಿಯನ್ನು ಯಾರೂ ಕೇಳದೆಯೇ ಸುತ್ತೋಲೆ ಬಂತು.

ಕುರ್ಚಿಗಳಿಗೆ ಅಳತೆ ತೆಗೆಯುವ ದಿನ ನಾನು ನನ್ನ ಜಾಗದಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಕಾರ್ಯದರ್ಶಿಗಳು ಟೇಪು ಹಿಡಿದು ಕೆಲಸದವನೊಂದಿಗೆ ಮುಂದಿನಿಂದ ಹಿಂದಕ್ಕೆ ಬಂದರು. “ಕೊನೇ ಸಾಲಿಗೆ ಕುರ್ಚಿ ಬೇಡಪ್ಪ, ಆ ಹಳೇ ಬೆಂಚೇ ಇರ್ಲಿ. ಅಲ್ಲಿ ಯಾರೂ ಕೂರಲ್ಲ,” ಅಂದರು. ನಾನು ತಲೆ ಎತ್ತಿದೆ. ಟೇಪು ಸುರ್‍ರೆಂದು ಡಬ್ಬಿಯೊಳಗೆ ಸುತ್ತಿಕೊಂಡಿತು. “ಸಿಸ್ಟರ್, ನೀವಾ... ನೋಡ್ಲಿಲ್ಲ,” ಎಂದು ನಕ್ಕರು. ಆ ಮುಂದಿನ ಹಲ್ಲೂ ನಾನು ಮಾಡಿದ್ದೇ. ಅವರ ನಗು ಹಾಗೇ ನಿಂತುಹೋಯಿತು. “ಸಿಸ್ಟರ್, ಆವತ್ತು ಗೇಟು... ನಾನು...” ಅಂದರು. ನಾನು ಕಾದೆ. ಅಷ್ಟರಲ್ಲಿ ಕೆಲಸದವನು, “ಸಾರ್, ಇಲ್ಲಿ ಎಷ್ಟು ಬರ್‍ಕೊಳ್ಲಿ?” ಎಂದು ಕರೆದ. ಅವರು ಹೋದರು. ಪಾಪ, ಕೆಟ್ಟ ಮನುಷ್ಯರಲ್ಲ. ಆ ಮಾತನ್ನು ಅವರೊಬ್ಬರೇ ಹೇಳಿ ಮುಗಿಸಲಾರರು. ಹೇಳಿದರೆ ಎಲ್ಲವೂ ಅವರ ತಲೆಗೇ ಬರುತ್ತದೆ. ನಾವೆಲ್ಲ ಜೊತೆಗೆ ನಿಂತು ಹೇಳಿದ್ದರೆ ಅವರಿಗೂ ಬಾಯಿ ಬರುತ್ತಿತ್ತು.

ಕಳೆದ ಭಾನುವಾರ ಮುಂದಿನ ಅರ್ಧಕ್ಕೆ ಕುರ್ಚಿಗಳು ಬಂದಿದ್ದವು. ಅರಿಕೆಯ ಹೊತ್ತು ಬಂತು. ಪರದೆಯ ಮೇಲೆ ಅಕ್ಷರ ಮೂಡಿತು, ಯಾರೂ ಏಳಲಿಲ್ಲ. ಹಿಂದಿನ ಬೆಂಚುಗಳವರೂ ಅವರನ್ನು ನೋಡಿ ಕೂತೇ ಇದ್ದರು. ನನ್ನೆದುರಿಗೆ ಸಾಲುಸಾಲು ಬೆನ್ನುಗಳು, ಅವುಗಳಾಚೆಯಿಂದ ‘ನಮ್ಮನ್ನು ತಿರುಗಿಸು’ ಎಂಬ ಧ್ವನಿ. ಆಗ ಮೂರನೆಯ ಸಾಲಿನಿಂದ ಅಕ್ಕ ಎದ್ದರು. ಹುಷಾರಿಲ್ಲವೇನೋ ಎಂದು ಯಾರೋ ನೀರಿನ ಬಾಟಲಿ ಚಾಚಿದರು. ಅಕ್ಕ ಅದನ್ನು ತೆಗೆದುಕೊಳ್ಳಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, ನಿಧಾನಕ್ಕೆ, ನೋವಿಗೆ ತುಟಿ ಕಚ್ಚಿಕೊಂಡು, ಪೂರ್ತಿ ಹಿಂದಕ್ಕೆ ತಿರುಗಿದರು. ಮೊಣಕಾಲೂರಲು ಜಾಗವಿರಲಿಲ್ಲ, ನಿಂತೇ ಹೇಳಿದರು. ಇಡೀ ದೇವಾಲಯದಲ್ಲಿ ನನ್ನ ಕಡೆಗೆ ಇದ್ದದ್ದು ಒಂದೇ ಮುಖ.

ಬಿಷಪ್ ಅವರೇ, ಆ ದಿನ ತಿರುಗಬೇಕಾದ ಅಗತ್ಯ ಯಾರಿಗೆ ಎಲ್ಲರಿಗಿಂತ ಕಡಿಮೆ ಇತ್ತೋ, ಅವರೊಬ್ಬರೇ ತಿರುಗಿದರು. ಗಂಡನನ್ನು ಕಳೆದುಕೊಂಡವರು ಒಬ್ಬರೇ ನಿಂತು ನಮ್ಮೆಲ್ಲರ ಪಾಪದ ಅರಿಕೆ ಮಾಡಿದರು, ನಾವು ಕೂತಲ್ಲೇ ಕೂತಿದ್ದೆವು.

ಕುರ್ಚಿಗಳ ಪ್ರತಿಷ್ಠೆಗೆ ತಾವು ಬರುತ್ತೀರೆಂದು ತಿಳಿಯಿತು. ಕುರ್ಚಿ ಹಾಕಿಸಲೇಬೇಕೆಂದಿದ್ದರೆ ಹಾಕಿಸಿ, ಬೋಲ್ಟು ಬಿಗಿಯಬೇಡಿ. ಪರದೆಯನ್ನು ಆ ಹೊತ್ತಿಗೆ ಆರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಅರಿಕೆ ಬಂದಾಗ ಪೀಠದಿಂದ ಕೆಳಗಿಳಿದು ಬಂದು ಸಭೆಯ ನಡುವೆ ನಿಂತು, ‘ಎಲ್ಲರೂ ಎದ್ದು ಹಿಂದಕ್ಕೆ ತಿರುಗಿ’ ಎಂದು ಹೇಳಿ. ತಾವು ಹೇಳಿದರೆ ಎಲ್ಲರೂ ತಿರುಗುತ್ತಾರೆ, ಕಾರ್ಯದರ್ಶಿಗಳೂ ತಿರುಗುತ್ತಾರೆ. ನನಗೆ ಮುಂದಿನ ಬೆಂಚು ಬೇಡ, ಸಮಾಧಾನದ ಮಾತೂ ಬೇಡ. ಅಕ್ಕ ಮತ್ತೊಮ್ಮೆ ಒಬ್ಬರೇ ತಿರುಗಿ ನಿಲ್ಲುವಂತಾಗಬಾರದು. ತಾವು ಹೇಳದಿದ್ದರೂ ಅವರು ಎದ್ದೇ ಏಳುತ್ತಾರೆ, ನನಗೆ ಗೊತ್ತು. ಆಗ ತಾವು ಕಣ್ಣು ಮುಚ್ಚಿಕೊಂಡಿರಬೇಡಿ.

ಇಂತಿ,
ಯಾರೂ ಕೂರದ ಬೆಂಚಿನಲ್ಲಿ ಕೂರುವವಳು