ಸರದಿಗಾರನ ಮುಂದೆ ನಾನು ಆಡದ ಮಾತು

ಇಸವಿ ಎರಡು ಸಾವಿರದ ನೂರಾ ಎಂಬತ್ತೊಂದು, ಶ್ರಾವಣದ ನಲವತ್ತಾರನೆಯ ದಿನ.

ಕಂಪ್ಯೂಟರ್ ತರಬೇತಿಗೆ ಕೂತಿರುವ ಹಿಂದಿನ ಕಾಲದ ಮಾಸ್ತರರಿಗೂ ಅಕ್ಕೋರಿಗೂ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಬೀಳುವವರೆಗೆ ನಾವು ಶ್ರಾವಣವನ್ನು ಮುಗಿಸುವುದಿಲ್ಲ. ನನ್ನ ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಲಿತದ್ದು ಊರ ಶಾಲೆಯಲ್ಲಿ ಮಾತ್ರ.

ನಾನು ಗುರುಬಸವ್ವ. ವಯಸ್ಸು ಐವತ್ತು, ಕರಿಹೊಂಡದ ಶಾಲೆಯ ಅಕ್ಕೋರು. ಬೆಳಿಗ್ಗೆ ಒಂದು ಚಮಚ ನೀರಿನಲ್ಲಿ ಲಿಂಗಪೂಜೆ ಮುಗಿಸಿ ಶಾಲೆಗೆ ಹೋಗುತ್ತೇನೆ. ಮಧ್ಯಾಹ್ನ ಬಂದು ಬಿಸಿಲೊಲೆಯ ಮೇಲೆ ರೊಟ್ಟಿ ಬಡಿಯುತ್ತೇನೆ. ಸುತ್ತ ಕನ್ನಡಿ ಹಚ್ಚಿದ, ಕಟ್ಟಿಗೆ ಬೇಡದ ಒಲೆ ಅದು. ರೋಗಿಗಳನ್ನು ಪಟ್ಟಣದ ದವಾಖಾನೆಗೆ ಒಯ್ಯಲು ಜೀವಬಂಡಿ ಬರುತ್ತದೆ, ದಿನಕ್ಕೆ ಎರಡು ಸಲ, ನಾಲ್ಕೇ ಜನ ಹಿಡಿಸುತ್ತಾರೆ. ಯಾರು ಮೊದಲು ಹತ್ತಬೇಕೆಂದು ಹೇಳುವುದು ಸರದಿಗಾರ, ಅಂದರೆ ಚಾವಡಿಯಲ್ಲಿ ಕೂರಿಸಿದ ಕಂಪ್ಯೂಟರು. ವಯಸ್ಸಾದವರು ಮೊದಲು ಎಂಬ ನಿಯಮವನ್ನು ಅದರೊಳಗೆ ಬರೆಸಿದವರು ನಮ್ಮ ಊರವರೇ. ಆಮೇಲೆ ಅದನ್ನು ಮರೆತು, ಅದರ ಮುಂದೆ ಊದಿನಕಡ್ಡಿ ಹಚ್ಚತೊಡಗಿದರು. ನಿಯಮ ತಿದ್ದುವ ಅಧಿಕಾರ ಶಾಲೆಯವರದು. ಅದಕ್ಕೆಂದೇ ನಮಗೆ ತರಬೇತಿ ಕೊಡುತ್ತಾರೆ.

ನಮಗೆ ಕಲಿಸಲು ಬಂದವಳು ಫರ್ಜಾನಾ ಎಂಬ ಹುಡುಗಿ. ಕಂಪ್ಯೂಟರ್ ತರಲೇ ಇಲ್ಲ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ವೃತ್ತ ಬರೆದು, ಆರು ಜನರ ಕೈಗೆ ಅಂಕಿಯ ಚೀಟಿ ಕೊಟ್ಟಳು. ಗೆರೆಯ ಮೇಲೆ ನಡೆಯುತ್ತ ವೃತ್ತದಲ್ಲಿ ಇಬ್ಬರು ಎದುರಾದರೆ ಸಣ್ಣ ಅಂಕಿಯವರು ಎಡಕ್ಕೆ, ದೊಡ್ಡ ಅಂಕಿಯವರು ಬಲಕ್ಕೆ. ಕೊನೆಗೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ, ಎಡಗಡೆಯವರೇ ಮೊದಲು. ನನ್ನದು ನಾಲ್ಕು. ಎದುರು ಬಂದವರು ನನಗೆ ಅಕ್ಷರ ಕಲಿಸಿದ ಚನ್ನವೀರಪ್ಪ ಮಾಸ್ತರು, ಅವರದು ಒಂಬತ್ತು. ಗುರುಗಳಿಗಿಂತ ಮುಂದೆ ಹೇಗೆ ಹೋಗಲಿ? ಸೆರಗು ಸರಿಮಾಡಿಕೊಂಡು ಬಲಕ್ಕೆ ಸರಿದೆ. ಸಾಲು ಕೆಟ್ಟಿತು. ಆಟವೇ ಸರಿಯಿಲ್ಲ ಎಂದು ಎಲ್ಲರೂ ನಕ್ಕರು.

ಫರ್ಜಾನಾ ನಗಲಿಲ್ಲ. "ಅಕ್ಕೋರ, ಎಲ್ಲಿ ತಪ್ಪೈತಿ ಅಂತ ನಿಮಗ ಗೊತ್ತೈತಿ. ನೀವಾ ಹೇಳ್ರಿ," ಅಂದಳು. ನಾನು ಬಾಯಿಗೆ ಸೆರಗು ಹಿಡಿದು ಸುಮ್ಮನಾದೆ. ಆಮೇಲೆ ಅವಳು ದೊಡ್ಡ ಅಂಕಿಯೇ ಎಡಕ್ಕೆ ಎಂದು ನಿಯಮ ತಿರುಗಿಸಿದಳು. ಅದೇ ಜನ, ಅದೇ ಗೆರೆ. ಸಾಲು ಪೂರ್ತಿ ತಿರುವುಮುರುವು. ಗೆರೆಗೆ ಯಾರ ಮುಖವೂ ಕಾಣುವುದಿಲ್ಲ, ನಾವು ಇಟ್ಟ ನಿಯಮ ಮಾತ್ರ ಕಾಣುತ್ತದೆ ಎಂಬುದು ಆ ದಿನ ನನಗೆ ಚೆನ್ನಾಗಿಯೇ ತಿಳಿಯಿತು.

ತರಬೇತಿ ಮುಗಿದ ಮೇಲೆ ಬಂದ ಮಾಘದಲ್ಲಿ ನನ್ನ ಅಕ್ಕನ ಮಗಳು ದಾನಮ್ಮನಿಗೆ ಹೆರಿಗೆಯ ಬೇನೆ ಬಂದು, ಕೂಸು ಅಡ್ಡ ತಿರುಗಿತ್ತು. ಚಾವಡಿಗೆ ಎತ್ತಿಕೊಂಡು ಹೋದೆವು. ಬಂಡಿಯಲ್ಲಿ ಒಂದೇ ಜಾಗ ಉಳಿದಿತ್ತು. ಸರದಿಗಾರ ಚನ್ನವೀರಪ್ಪ ಮಾಸ್ತರರ ಹೆಸರು ಕರೆಯಿತು. ಅವರು ಮೊಣಕಾಲು ತೋರಿಸಲು ಹೊರಟಿದ್ದರು; ನಿಯಮ ತಿದ್ದುವುದು ಅವರಿಗೂ ಬರುತ್ತಿತ್ತು. ಅದು ಹೇಳಿದ ಮೇಲೆ ಮುಗಿಯಿತು ಎಂದು ಜನ ದಾರಿ ಬಿಟ್ಟರು. ಯಂತ್ರ ನನ್ನ ಕೈಯಳತೆಯಲ್ಲಿತ್ತು. ನಾನು ಕಣ್ಣು ಮುಚ್ಚಿ ಶಿವನಿಗೆ ಕೈಮುಗಿದೆ. ಅವನು ಕೊಟ್ಟ ಬಾಯಿಯನ್ನು ಮಾತ್ರ ತೆರೆಯಲಿಲ್ಲ.

ಸಂಜೆಯ ಬಂಡಿಯಲ್ಲಿ ದಾನಮ್ಮ ಹೋದಳು. ಅವಳು ಉಳಿದಳು, ಕೂಸು ಉಳಿಯಲಿಲ್ಲ.

ಮಾಸ್ತರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. "ಅದರ ಮಾತಿಗೆ ನಾನೂ ಎದ್ದು ಹೋದೆ. ನೀ ಒಂದ ಮಾತು ಅಂದಿದ್ರ ಇಳೀತಿದ್ನೆವ್ವಾ," ಅಂದು ಕೂತುಬಿಟ್ಟರು. ನಾನು ತೋರಿದ ಮರ್ಯಾದೆಯನ್ನು ಅವರು ಕೇಳಿಯೇ ಇರಲಿಲ್ಲ.

ಮರುದಿನವೇ ನಿಯಮ ತಿದ್ದಿದೆ: ಜೀವಕ್ಕೆ ಹೆಚ್ಚು ಗಂಡಾಂತರ ಇದ್ದವರು ಮೊದಲು. ಅರ್ಧ ತಾಸಿನ ಕೆಲಸ. ಅಷ್ಟು ಸುಲಭ ಎನ್ನುವುದೇ ನನ್ನನ್ನು ತಿನ್ನುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ. ಚೀಟಿ ಹಿಡಿದು ಗೆರೆಯ ಮೇಲೆ ನಿಂತಾಗ, ಇದು ಮಕ್ಕಳಾಟ, ಹಾಜರಿ ಸಿಕ್ಕರೆ ಸಾಕು ಎನ್ನಬೇಡಿ. ತಪ್ಪು ಕಂಡರೆ ಅಲ್ಲೇ, ಹಿರಿಯರ ಎದುರಿನಲ್ಲೇ, ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಕಲಿತದ್ದನ್ನು ಆಡಲು ನನಗೆ ಎರಡು ಸಲ ಅವಕಾಶವಿತ್ತು, ಎರಡು ಸಲವೂ ನುಂಗಿಕೊಂಡೆ.

ಬಾಣಂತನ ಮುಗಿದ ದಿನ ದಾನಮ್ಮ ನನ್ನ ಕೈ ಹಿಡಿದು ಕೇಳಿದಳು: "ಚಿಗವ್ವ, ಅದನ್ನ ತಿದ್ದಬಹುದು ಅಂತ ನಿನಗ ಆವತ್ತೇ ಗೊತ್ತಿತ್ತೇನು?"

ಹೌದು ಎಂದು ಇವತ್ತಿನವರೆಗೂ ನಾನು ಹೇಳಿಲ್ಲ. ಈ ಕಾಗದ ಮುಗಿಸಿ ಅವಳ ಮನೆಗೆ ಹೊರಟಿದ್ದೇನೆ.