ಬೈರಿಗೆಯ ತೂಕ

ಡಿಸೆಂಬರ್ 6, ಶುಕ್ರವಾರ. ಸಂಜೆ

ಜುಮಾ ನಮಾಜು ಮುಗಿಸಿ ಬಂದೆ. ಲ್ಯಾನ್ಸ್‌ಲಾಟ್ ಆಗಲೇ ಬಂದು ಕೂತಿದ್ದ. ಹೆಂಡತಿ ಅಪೊಲೋನಿಯಾ ತೀರಿಕೊಂಡ ಮೇಲೆ ಶುಕ್ರವಾರ ಅವನ ಊಟ ನಮ್ಮಲ್ಲೇ. ಇದೇ ಕಟ್ಟಡದ ಮೂರನೇ ಮಹಡಿಯಿಂದ ಇಳಿದು ಬರುತ್ತಾನೆ, ಬರುವಾಗ ಒಂದು ಮೊಸರಿನ ಡಬ್ಬ ತರುತ್ತಾನೆ, ನನ್ನ ಹೆಂಡತಿ ಸಕೀನಾ ಬೈಯುತ್ತಾಳೆ. ಈ ಗಲ್ಫಿನಲ್ಲಿ ಹೀಗೇ ಇಷ್ಟು ವರ್ಷ ಆಯಿತು, ಅವನು ತರುವುದನ್ನು ಬಿಟ್ಟಿಲ್ಲ, ಇವಳು ಬೈಯುವುದನ್ನು ಬಿಟ್ಟಿಲ್ಲ.

ಊಟ ಆದ ಮೇಲೆ ಫೋನ್ ನನ್ನ ಮೂಗಿಗೆ ತಾಗಿಸಿದ. ಒಂದು ಗ್ಯಾರೇಜು. ಗೋಡೆಗೆ ಒರಗಿಸಿದ ಮೂರು ಯಂತ್ರ — ಕೆಂಪು, ಹಳದಿ, ನೀಲಿ. ಮೇಲೆ ಪೆಟ್ರೋಲ್ ಇಂಜಿನ್ನು, ಎರಡು ಬದಿಗೆ ಹಿಡಿ, ಕೆಳಗೆ ಎದೆಯೆತ್ತರದ ಕಬ್ಬಿಣದ ತಿರುಪು. ನಮ್ಮ ಆಚಾರಿಗಳ ಬೈರಿಗೆಗೆ ಮೋಟಾರು ಹಚ್ಚಿದ ಹಾಗೆ. ಕೆನಡಾದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಇದರಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಮೂರೂ ಹಳೆಯವು. ಜನವರಿಯಲ್ಲಿ ಇವನು ಮಗಳು ಜಾನಿಸ್‌ಳ ಮನೆಗೆ ಹೋಗುತ್ತಾನಲ್ಲ, ಎರಡು ತಿಂಗಳಿಗೆ. ಅಳಿಯ ಓರೆಸ್ಟ್ ಮೆಸೇಜ್ ಮಾಡಿದ್ದಾನೆ: ಯಾವುದು ಬೇಕು ಆರಿಸಿ, ರಿಪೇರಿ ಮಾಡಿ ಇಡುತ್ತೇನೆ.

“ಇದರಲ್ಲಿ ಹಗುರದ್ದು ಯಾವುದು, ಹುಡುಕಿ ಕೊಡು ಮಾರಾಯ. ನೀನು ಓದಿದ ಬ್ಯಾರಿ.”

“ಅಳಿಯನಿಗೇ ಕೇಳಿ ಪೊರ್ಬುಗಳೇ. ಅವನ ಗ್ಯಾರೇಜಿನಲ್ಲಿ ಉಂಟು.” ಅವನು ನನ್ನನ್ನು ಬ್ಯಾರಿ ಅಂದರೆ ನಾನು ಅವನನ್ನು ಪೊರ್ಬು ಅನ್ನುವುದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ.

“ತೂಕ ಕೇಳಿದರೆ ಯಾಕೆ ಅಂತ ಅವನು ಕೇಳ್ತಾನೆ. ಆಮೇಲೆ ಭುಜದ ಕಥೆ ಹೇಳ್ಬೇಕು. ಆಮೇಲೆ ನನ್ನನ್ನು ಒಂದು ಕುರ್ಚಿ ಹಾಕಿ ಕೂರಿಸ್ತಾನೆ, ಕೈಯಲ್ಲಿ ಒಂದು ಫ್ಲಾಸ್ಕ್ ಕೊಟ್ಟು. ಎಲ್ಲರೂ ಮೀನು ಹಿಡಿಯುವಾಗ ನಾನು ಚಾ ಕುಡಿಯುದಾ?”

ನಗಲಿಲ್ಲ ಅವನು. ಅಳಿಯನನ್ನು ಇವನು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದು. ಮದುವೆಗೆ ವೀಸಾ ಸಿಗಲಿಲ್ಲ. ಆ ಹುಡುಗ ಮಾತು ಕಡಿಮೆ; ಇವನ ಇಂಗ್ಲಿಷು ಗೋಡೌನಿನ ಇಂಗ್ಲಿಷು. ಇಬ್ಬರಿಗೂ ಗೊತ್ತಿರುವ ಒಂದೇ ವಿಷಯ ಮೀನು. ಅಲ್ಲಿಯೂ ಕುರ್ಚಿ ಅಂದರೆ…

ಹುಡುಕುತ್ತೇನೆ ಎಂದೆ.


ಡಿಸೆಂಬರ್ 8, ಭಾನುವಾರ. ಲುಸೈಲ್, ಆಫೀಸಿನ ಊಟದ ಹೊತ್ತು

ಮೂರರಲ್ಲಿ ಎರಡಕ್ಕೆ ಹಳೆಯ ಕೈಪಿಡಿ ಸಿಕ್ಕಿತು. ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಹಳದಿ: ಹದಿಮೂರು ಕಿಲೊ. ನೀಲಿ: ಹದಿನೈದೂವರೆ. ಎಲ್ಲ ಪೌಂಡಿನಲ್ಲಿ, ನಾನು ಕಿಲೊ ಮಾಡಿಕೊಂಡೆ. ಕೆಂಪಿನದಕ್ಕೆ ಕಾಗದವೇ ಇಲ್ಲ. ಓರೆಸ್ಟ್‌ನ ಅಪ್ಪನದಂತೆ, ಅವರು ಈಗಿಲ್ಲ. ಅಂಥದೇ ಯಂತ್ರ ಇದ್ದವನೊಬ್ಬ ಎಲ್ಲೋ ಬರೆದಿದ್ದಾನೆ — ಹದಿನೆಂಟಕ್ಕೆ ಕಡಿಮೆ ಇಲ್ಲ, ಸೊಂಟ ಹೋಯಿತು ಅಂತ. ಕೆಂಪನ್ನು ಬಿಟ್ಟುಬಿಟ್ಟೆ.

ಹಳದಿಯೇ ಹಗುರ. ಆದರೂ ಹದಿಮೂರು!

ತೂಕದ ಚೀಟಿ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. 2009, ಆಗಸ್ಟ್. ಲ್ಯಾನ್ಸ್ ಕೆಲಸ ಮಾಡುತ್ತಿದ್ದ ಗೋಡೌನು. ಕಾರ್ಟನ್ ಮೇಲೆ ಹದಿನೆಂಟು ಕಿಲೊ ಎಂದು ಬರೆದಿತ್ತು. ಹದಿನೆಂಟೆಂದು ನಂಬಿ ತಲೆಯ ಮೇಲಿನ ಹಲಗೆಯಿಂದ ಎಳೆದ. ಒಳಗೆ ನಲವತ್ತರ ಮೇಲಿತ್ತು. ಬಲಭುಜ ಕಿತ್ತು ಬಂತು. ಮ್ಯಾನೇಜರ್ ಹೇಳಿದ್ದು ನನಗೆ ಶಬ್ದಶಃ ನೆನಪಿದೆ — “ಎತ್ತುವ ಮೊದಲು ಅಂದಾಜು ಮಾಡಬೇಕಿತ್ತು.” ಅಂದಾಜು ಮಾಡಬೇಕಿದ್ದರೆ ಚೀಟಿ ಏಕೆ ಅಂಟಿಸಿದಿರಿ? ನಾನು ಊರಿನ ಪತ್ರಿಕೆಗೆ ಬರೆದೆ. ಹಾಕಲಿಲ್ಲ. ಇಲ್ಲಿಯದಕ್ಕೂ ಬರೆದೆ. ಮೂರು ಸಾಲು ಹಾಕಿದರು, ಅದರಲ್ಲಿ ಭುಜವೇ ಇರಲಿಲ್ಲ.

ಅವನು ಆ ಸಿಟ್ಟನ್ನು ಮರೆತಿದ್ದಾನೆ. ಮರೆತವನ ಪರವಾಗಿ ಯಾರಾದರೂ ನೆನಪಿಟ್ಟುಕೊಳ್ಳಬೇಕಲ್ಲ.


ಡಿಸೆಂಬರ್ 13, ಶುಕ್ರವಾರ

ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಒಂದು ಪಿವಿಸಿ ಪೈಪ್ ತಂದೆ. ಒಳಗೆ ಮರಳು ತುಂಬಿಸಿ ಎರಡೂ ಬಾಯಿ ಮುಚ್ಚಿದೆವು. ಮೇಲ್ತುದಿಗೆ ಅಡ್ಡಲಾಗಿ ಪೊರಕೆಯ ಕೋಲು ಕಟ್ಟಿದೆ, ಹಿಡಿ ಆಯಿತು. ಲಗೇಜ್ ತೂಗುವ ಕೊಕ್ಕೆಗೆ ನೇತುಹಾಕಿ ಹದಿಮೂರು ಬರುವವರೆಗೆ ಮರಳು ಹಾಕುವುದು, ತೆಗೆಯುವುದು. ಹಾಲ್ ತುಂಬ ಮರಳು.

ಸಕೀನಾ ಬಾಗಿಲಲ್ಲಿ ನಿಂತು ನೋಡಿದಳು. “ಮರುಭೂಮಿ ಹೊರಗೆ ಸಾಲಲಿಲ್ಲವಾ ನಿಮಗೆ?”

“ಇದು ಕೆನಡಾ ಸಕೀನಾ,” ಎಂದ ಲ್ಯಾನ್ಸ್.

“ಕೆನಡಾವನ್ನು ನೀವೇ ಗುಡಿಸಿ ಹೋಗಿ ಲ್ಯಾನ್ಸಣ್ಣ.”

ಎತ್ತಿದ. ಮೊಣಕಾಲಿನವರೆಗೆ ಬಂತು. ಸೊಂಟದವರೆಗೆ ಬರುವಾಗ ಬಲಗೈ ಸೋತು ಕೋಲು ಓರೆಯಾಯಿತು. ಮೆಲ್ಲ ಕೆಳಗಿಟ್ಟು, ಏನೂ ಆಗದವನ ಹಾಗೆ ಕಿಟಕಿಯ ಹತ್ತಿರ ಹೋಗಿ ನಿಂತ. ನಾನು ಮರಳು ಗುಡಿಸಿದೆ.


ಡಿಸೆಂಬರ್ 18, ಬುಧವಾರ. ರಜೆ

ಈ ದೇಶದ ರಾಷ್ಟ್ರೀಯ ದಿನ. ಬೆಳಿಗ್ಗೆಯಿಂದ ಅಲ್ ಸದ್ದ್ ರಸ್ತೆಯಲ್ಲಿ ಹಾರ್ನು, ಬಾವುಟ. ನಾವು ತಾರಸಿಯಲ್ಲಿ ಪೈಪು ಎತ್ತುತ್ತಿದ್ದೆವು. ದಿನಾ ಸಂಜೆ ಎತ್ತುತ್ತಾನೆ ಈಗ. ಮೊದಲು ಹತ್ತು ಕಿಲೊ, ಆಮೇಲೆ ಸ್ವಲ್ಪ ಮರಳು, ಮತ್ತೆ ಸ್ವಲ್ಪ. ಹನ್ನೆರಡಕ್ಕೆ ಬಂದಿದ್ದಾನೆ. ಎತ್ತಿ ಹಿಡಿದು ಬಾಯಲ್ಲಿ ಇಂಜಿನ್ನಿನ ಸದ್ದು ಮಾಡುತ್ತಾನೆ. ಅರವತ್ತಮೂರು ವರ್ಷ ಅವನಿಗೆ.

ವಾಚ್‌ಮನ್ ಮೇಲೆ ಬಂದು ಕೇಳಿದ, “ಕ್ಯಾ ಹೈ ಯೇ, ಸಾಬ್?”

ಲ್ಯಾನ್ಸ್ ಗಂಭೀರವಾಗಿ ಹೇಳಿದ, “ಬರ್ಫ್ ಮೇ ಛೇದ್ ಕರ್ನೇಕಾ ಪ್ರಾಕ್ಟೀಸ್.”

ವಾಚ್‌ಮನ್ ನನ್ನ ಮುಖ ನೋಡಿದ. ಮಂಜುಗಡ್ಡೆಗೆ ತೂತು ಕೊರೆಯುವ ಅಭ್ಯಾಸವೇ ಹೌದೆಂದು ನಾನೂ ತಲೆಯಾಡಿಸಿದೆ. ಪಾಪ, ಸಲಾಂ ಹೊಡೆದು ಇಳಿದು ಹೋದ.


ಡಿಸೆಂಬರ್ 27, ಶುಕ್ರವಾರ

ಹದಿಮೂರು ಎತ್ತಿದ! ಎದೆಯವರೆಗೆ. ನಾನು ನೂರು ಎಣಿಸುವಷ್ಟು ಹೊತ್ತು ಹಿಡಿದು ನಿಂತ. ನಾನು ಬೇಗ ಬೇಗ ಎಣಿಸಿದೆ, ಅದು ಬೇರೆ ಮಾತು.

ಕೂಡಲೇ ಅಳಿಯನಿಗೆ ಮೆಸೇಜ್: ಹಳದಿ. ಉತ್ತರಕ್ಕೆ ಒಂದು ಹೆಬ್ಬೆರಳು ಬಂತು. ಲ್ಯಾನ್ಸ್ ಆ ಹೆಬ್ಬೆರಳನ್ನು ಸಕೀನಾಳಿಗೆ ತೋರಿಸಿದ, ನನಗೆ ಮತ್ತೊಮ್ಮೆ ತೋರಿಸಿದ. ಸಕೀನಾ ಕ್ರಿಸ್‌ಮಸ್‌ನ ಕುಸ್ವಾರ್ ತಿಂಡಿ ಇನ್ನೂ ಉಳಿದಿದೆಯಾ ಕೇಳಿದಳು. ತಂದು ಪೂರ್ತಿ ಡಬ್ಬವನ್ನೇ ಕೊಟ್ಟ.


ಜನವರಿ 9, ಗುರುವಾರ. ಸಂಜೆ

ನಾಳೆ ಹೊರಡುತ್ತಾನೆ. ಪ್ಯಾಕಿಂಗ್. ಜಾನಿಸ್‌ಗೆ ಬಂಗುಡೆ ಉಪ್ಪಿನಕಾಯಿ, ಕುಚ್ಚಲಕ್ಕಿ, ಸಕೀನಾ ಕೊಟ್ಟ ಮಸಾಲೆ. ಕೊಕ್ಕೆಗೆ ಸೂಟ್‌ಕೇಸ್ ನೇತುಹಾಕಿ ತೂಗಿದೆವು. ಹೆಚ್ಚಾಯಿತು. ಲ್ಯಾನ್ಸ್ ಸಿಡುಕಿದ — “ಸೂಟ್‌ಕೇಸೇ ನಾಲ್ಕು ಕಿಲೊ ತಿಂತದೆ ಮಾರಾಯ, ಒಳಗಿನದ್ದು ಎಲ್ಲಿ ಹೆಚ್ಚು?”

ನಾನು ಅಲ್ಲೇ ನೆಲಕ್ಕೆ ಕೂತೆ.

ಇಷ್ಟು ವರ್ಷ ಗಲ್ಫಿನಲ್ಲಿದ್ದವರಿಗೆ ತೂಕ ಅಂದರೆ ಪೆಟ್ಟಿಗೆ ಸಮೇತ ತೂಕ. ಕೌಂಟರಿನಲ್ಲಿ ಪೆಟ್ಟಿಗೆಯದ್ದನ್ನು ಕಳೆದು ಕೊಡುವವರು ಯಾರು? ಕಾರ್ಟನ್, ಹಗ್ಗ, ಟೇಪು, ಎಲ್ಲ ಸೇರಿಯೇ ಮೂವತ್ತು. ಹಾಗಾಗಿ ಪುಸ್ತಕದಲ್ಲಿ ಒಂದು ಅಂಕಿ ಕಂಡರೆ ನನಗೆ ಇನ್ನೊಂದು ಪ್ರಶ್ನೆ ಹುಟ್ಟಲೇ ಇಲ್ಲ. ನನ್ನ ಫ್ಲ್ಯಾಟಿಗೆ ಓಡಿ ಬಂದು ಕೈಪಿಡಿ ಮತ್ತೆ ತೆರೆದೆ. ನೀಲಿಯ ಹದಿನೈದೂವರೆ — ಮರದ ಪೆಟ್ಟಿಗೆ ಸಮೇತ, ಕಳುಹಿಸುವಾಗಿನ ತೂಕ. ಪೆಟ್ಟಿಗೆ ಕಳೆದರೆ, ತಿರುಪು ಸೇರಿಯೂ ಹನ್ನೊಂದೂವರೆ. ಹಳದಿಯ ಹದಿಮೂರು ಬರೀ ಇಂಜಿನ್ನಿನದು! ತಿರುಪು ಬೇರೆ, ಪೆಟ್ರೋಲ್ ಬೇರೆ. ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದಾರೆ. ಎಲ್ಲ ಸೇರಿಸಿದರೆ ಹದಿನೇಳು.

ಮೂವತ್ತು ವರ್ಷ ಹಿಂದಿನ ಕಳ್ಳರು! ಒಬ್ಬ ಪೆಟ್ಟಿಗೆ ಸೇರಿಸಿ ತೂಗುತ್ತಾನೆ, ಇನ್ನೊಬ್ಬ ತಿರುಪು ಬಿಚ್ಚಿ ತೂಗುತ್ತಾನೆ. ತಿರುಪಿಲ್ಲದ ಬೈರಿಗೆಯಿಂದ ಕೊರೆಯುವುದು ಏನನ್ನು?

ಆದರೆ ಪುಟದ ಅಡಿಯನ್ನು ಓದದೆ ಬಿಟ್ಟವನು ನಾನೇ.

ಮೇಲೆ ಹೋಗಿ ಹೇಳಿದೆ. ಲ್ಯಾನ್ಸ್ ಅಕ್ಕಿಯ ಚೀಲವನ್ನು ಸೂಟ್‌ಕೇಸಿನಿಂದ ತೆಗೆದು, ಮತ್ತೆ ಒಳಗಿಟ್ಟ.

“ನೀಲಿ ಬೇಕು ಅಂತ ಈಗಲೇ ಬರಿ,” ಎಂದೆ.

“ಬರೆಯುದಿಲ್ಲ. ಹುಡುಗ ಹಳದಿಯ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಹೊಸ ಪ್ಲಗ್ ಹಾಕಿದ್ದಾನೆ. ಎರಡು ರಜೆ ಅದಕ್ಕೇ ಹೋಗಿದೆ. ಈಗ ಇದು ಬೇಡ, ಅದು ಕೊಡು ಅನ್ನುದಾ? ಮದುಮಗಳು ಸೀರೆ ಆರಿಸಿದ ಹಾಗೆ?”

“ನಾನು ಜಾನಿಸ್‌ಗೆ ಹೇಳ್ತೇನೆ.”

“ಹೇಳಿದರೆ ಮತ್ತೆ ನಿನ್ನ ಮನೆಯ ಊಟ ನನಗೆ ಬೇಡ.” ತಮಾಷೆಗೆ ಹೇಳಿದ್ದಲ್ಲ. ಆಮೇಲೆ, ಮೆಲ್ಲ — “ಹದಿಮೂರು ಎತ್ತಿದವ ಹದಿನೇಳು ಎತ್ತಲಿಕ್ಕಿಲ್ಲವಾ ಝುಬೈರ್?”

ಎತ್ತಲಾರೆ ಎಂದು ಹೇಳಬೇಕಿತ್ತು. ನೋಡುವಾ, ಎಂದೆ.


ಜನವರಿ 10, ಶುಕ್ರವಾರ

ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ಟ್ರಾಲಿ ತಳ್ಳಲು ನನಗೆ ಬಿಡಲಿಲ್ಲ. ಗಾಜಿನ ಆಚೆ ಹೋಗಿ ತಿರುಗಿ, ಪೈಪು ಎತ್ತುವ ಹಾಗೆ ಎರಡೂ ಕೈ ಎತ್ತಿ ತೋರಿಸಿದ. ಹಿಂದೆ ಇದ್ದವರು ಗಾಬರಿಯಾಗಿ ಅವನನ್ನು ಸುತ್ತಿ ಹೋದರು.

ಊಟಕ್ಕೆ ಸಕೀನಾ ಮೂರು ತಟ್ಟೆ ಇಟ್ಟಳು. ಒಂದನ್ನು ತೆಗೆದಳು.


ಜನವರಿ 19, ಭಾನುವಾರ

ಮಗಳು ಇರುವುದು ಗಿಮ್ಲಿ ಅಂತ ಊರು. ಮೈನಸ್ ಇಪ್ಪತ್ತೇಳು. ಫೋಟೊ ಬಂದಿದೆ: ಟೊಪ್ಪಿ, ಮಫ್ಲರು, ನಡುವೆ ಮೂಗು. ಕೆರೆಯ ಮಂಜುಗಡ್ಡೆ ಗಟ್ಟಿಯಾಗಿದೆಯಂತೆ, ಮೇಲೆ ಪಿಕಪ್ ಗಾಡಿಯೇ ಓಡುತ್ತದಂತೆ. ಅಳಿಯನಿಗೆ ಡ್ಯೂಟಿ, ಮುಂದಿನ ಶನಿವಾರ ಕೆರೆಗೆ.

ಬೈರಿಗೆಯ ಬಗ್ಗೆ ಒಂದಕ್ಷರ ಇಲ್ಲ. ನಾನೂ ಕೇಳಲಿಲ್ಲ.

ಜಾನಿಸ್‌ಳ ನಂಬರ್ ತೆಗೆದೆ. ಬರೆದೆ. ಅಳಿಸಿದೆ. ಇಷ್ಟು ಹೊತ್ತಿಗೆ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನಾಳೆ ಅನಿಸಬಹುದು. ಆದರೆ ಭುಜ ಅವನದು, ನಾಚಿಕೆಯೂ ಅವನದು. ಅದನ್ನು ಹಂಚುವ ಹಕ್ಕು ನನಗೆಲ್ಲಿಂದ ಬಂತು?


ಜನವರಿ 24, ಶುಕ್ರವಾರ

ತಾರಸಿಗೆ ಹೋಗಿ ಪೈಪಿಗೆ ಮರಳು ಸೇರಿಸಿ ಹದಿನೇಳು ಮಾಡಿದೆ. ನನ್ನ ಎರಡೂ ಭುಜ ನೆಟ್ಟಗಿವೆ. ಸೊಂಟದವರೆಗೆ ಎತ್ತಿ ಇಳಿಸಿದೆ. ಸಕೀನಾ ಬೆನ್ನಿಗೆ ಮುಲಾಮು ಹಚ್ಚುತ್ತ, “ನೀವು ಯಾವ ಕೆರೆಗೆ ಹೋಗುದು?” ಎಂದಳು. ಹಚ್ಚಿ ಮುಗಿಸಿ ತಾನೇ ಹೇಳಿದಳು, “ಅವರಿಗೆ ಏನೂ ಆಗುದಿಲ್ಲ. ಬಿದ್ದರೆ ಮಗಳಿದ್ದಾಳೆ.”

ಬೀಳುವುದಕ್ಕೆ ಅವನು ಹೆದರಿಲ್ಲ. ಕುರ್ಚಿಗೆ ಹೆದರಿದ್ದು.


ಜನವರಿ 25, ಶನಿವಾರ. ಸಂಜೆ ಏಳು ಕಳೆದಿದೆ

ಫೋನ್ ಬಂತು. ವೀಡಿಯೊ. ಮೊದಲು ಬರೀ ಬಿಳಿ. ಆಮೇಲೆ ಲ್ಯಾನ್ಸ್‌ನ ಮೂಗು, ಮೀಸೆಯಲ್ಲಿ ಹಿಮ.

“ಝುಬೈರ್, ಕೇಳ್ತದಾ?”

“ಕೇಳ್ತದೆ. ಹಳದಿ ಎತ್ತಿದೆಯಾ?”

“ಹಳದಿ ತರಲೇ ಇಲ್ಲ ಅವ. ಕೆಂಪು ತಂದಿದ್ದಾನೆ.”

ಸೊಂಟ ಹೋಯಿತು ಅಂತ ಯಾರೋ ಬರೆದಿದ್ದ ಕೆಂಪು! ಹದಿನೆಂಟು.

“ಗಾಡಿಯಿಂದ ಇಳಿಸಿ ನನ್ನ ಮುಂದೆ ಇಟ್ಟ. ಕೈ ಹಾಕಿದೆ. ಎತ್ತಿದೆ. ಇಷ್ಟು ಬಂತು” — ಕ್ಯಾಮರಾ ಮೊಣಕಾಲಿಗೆ ಇಳಿಯಿತು — “ಆಮೇಲೆ ಬರಲಿಲ್ಲ. ಕೆಳಗೆ ಹಾಕಿದೆ. ಎಲ್ಲ ಮುಗೀತು ಅಂತ ಲೆಕ್ಕ. ಹೇಳಿಬಿಟ್ಟೆ ಮಾರಾಯ. ಗೋಡೌನು, ಕಾರ್ಟನು, ಭುಜ. ನನಗೆ ಬರುವ ಇಂಗ್ಲಿಷಿನಲ್ಲಿ.”

“ಎಂತ ಹೇಳಿದ?”

“ಎಂತದೂ ಹೇಳಲಿಲ್ಲ. ಗಾಡಿಯಲ್ಲಿ ಕುರ್ಚಿ ಉಂಟು, ನಾನು ನೋಡಿದ್ದೆ. ಈಗ ತರ್ತಾನೆ ಅಂತ ನಿಂತೆ. ಅವ ಬಂದು ಒಂದು ಬದಿಯ ಹಿಡಿ ಹಿಡ್ಕೊಂಡ. ಇನ್ನೊಂದನ್ನು ನನಗೆ ತೋರಿಸಿದ. ಎಕ್ಸಲರೇಟರ್ ಇರುವ ಬದಿ.”

ಹಳದಿ, ನೀಲಿ ಎರಡೂ ಒಬ್ಬನೇ ಕೊರೆಯಲು ತೆಗೆದುಕೊಂಡವಂತೆ. ಕೆಂಪಿನದನ್ನು ಅವನೂ ಅವನ ಅಪ್ಪನೂ ಒಂದೊಂದು ಬದಿ ಹಿಡಿದು ಕೊರೆಯುತ್ತಿದ್ದರಂತೆ. ಅಪ್ಪ ಹೋದ ಮೇಲೆ ಆ ಯಂತ್ರ ಗ್ಯಾರೇಜಿನಿಂದ ಹೊರಗೆ ಬಂದಿಲ್ಲ. ಮಾವ ಹಳದಿ ಅಂದಾಗ ಹೆಬ್ಬೆರಳು ಕಳಿಸಿದ್ದೇನೋ ನಿಜ, ಹಳದಿಯನ್ನು ತೊಳೆದಿಟ್ಟದ್ದೂ ನಿಜ. ಆದರೆ ಬೆಳಿಗ್ಗೆ ಗಾಡಿಗೆ ಹಾಕಿದ್ದು ಕೆಂಪು. ಯಾಕೆ ಎಂದು ಅವನು ಹೇಳಿದ್ದು ಇಷ್ಟೇ — ಇವತ್ತು ಇಬ್ಬರಿದ್ದೇವಲ್ಲ.

ಇದನ್ನು ಹೇಳುವಾಗ ಲ್ಯಾನ್ಸ್ ಫೋನನ್ನು ಮುಖದಿಂದ ಆಚೆ ಹಿಡಿದ. ಆಕಾಶ ಕಂಡಿತು. ಮೂಗು ಒರೆಸುವ ಸದ್ದು. ಚಳಿಗೂ ಹಾಗಾಗುತ್ತದೆ.

ಇಷ್ಟು ದಿನ ತೂಗಿದೆ. ಪೆಟ್ಟಿಗೆ ಕಳೆದು, ತಿರುಪು ಕೂಡಿಸಿ, ಪೆಟ್ರೋಲ್ ಸೇರಿಸಿ. ಎಷ್ಟು ಜನ ಎತ್ತುತ್ತಾರೆ ಎನ್ನುವುದನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾವ ಕಂಪನಿಗೆ ಬೈಯಲಿ?

ಹಿಂದಿನಿಂದ ಆ ಹುಡುಗನ ದನಿ ಕೇಳಿತು. “ಪಪ್ಪಾ.” ನಮ್ಮ ಜಾನಿಸ್ ಕರೆಯುವ ಹಾಗೆಯೇ ಕರೆಯುತ್ತಾನೆ.

“ಇನ್ನೊಂದು ತೂತು ತೆಗೀಲಿಕ್ಕೆ ಉಂಟು, ಇಡ್ತೇನೆ,” ಎಂದ ಲ್ಯಾನ್ಸ್. ಇಟ್ಟೇಬಿಟ್ಟ.

ಸಕೀನಾ ಅಡುಗೆಮನೆಯಿಂದ ಕೇಳಿದಳು, “ಮೀನು ಸಿಕ್ಕಿತಂತಾ?”

ಕೇಳಲು ಮರೆತೇಬಿಟ್ಟಿದ್ದೆ. ತಿರುಗಿ ಮಾಡಿದೆ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಎರಡೂ ಕೈಯಲ್ಲಿ ಬೈರಿಗೆ ಹಿಡಿದುಕೊಂಡಿರುವವನು ಎತ್ತುವುದಾದರೂ ಹೇಗೆ, ಇನ್ನು ಸ್ವಲ್ಪ ಹೊತ್ತು ಬಿಟ್ಟು…